ಪಟ ತೆಗೆಯೋದು, ಹಂಚೋದು, ಜೊತೆಗೆ ನಾಲ್ಕು ಸಾಲು ಬರೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಟೀಚರ್. 11 ವರ್ಷದಿಂದ ಬಿಡುವಿದ್ದಾಗ ಪಟ ತೆಗೆಯುತ್ತೇನೆ. ಇದರಿಂದ ದುಡ್ಡು ಬರುವುದಿಲ್ಲ, ಬರಲಿ ಅಂತ ಶುರು ಮಾಡಿದ್ದೂ ಅಲ್ಲ. ವಾರಕ್ಕೆ ಒಂದು ಪಟ, ಅದರ ಕೆಳಗೆ ಎಂಟು ಹತ್ತು ಸಾಲು ಬರೆದು ಗೊತ್ತಿದ್ದವರಿಗೆ ತೋರಿಸುತ್ತೇನೆ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೊಸದಾಗಿ ಕ್ಯಾಮೆರಾ ಹಿಡಿದವರಿಗೂ ಉಪಯೋಗ ಆಗಬಹುದು ಅಂತ ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಖುಷಿಗೆ ತೆಗೆದ ಪಟ ನನ್ನ ಹತ್ತಿರವೇ ಇದ್ದರೆ ಸಾಲದಾ? ಬೇರೆಯವರಿಗೆ ಯಾಕೆ ತೋರಿಸಬೇಕು?

ಇಟ್ಟುಕೊಳ್ಳಿ, ತಪ್ಪೇನಿಲ್ಲ. ನಾನೂ ಮೊದಲ ಮೂರು ವರ್ಷ ಯಾರಿಗೂ ತೋರಿಸಿರಲಿಲ್ಲ. ಮನಸ್ಸು ಬದಲಾದದ್ದು ಒಂದು ಅಡಿಕೆ ಸುಲಿತದ ಪಟದಿಂದ.

ಪಕ್ಕದೂರಿನ ಒಂದು ಮನೆ. ರಾತ್ರಿ ಎಂಟು ಗಂಟೆ. ಜಗಲಿಯ ಬಲ್ಬಿನ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಆ ಮನೆಯ ಅಕ್ಕನ ಬೆರಳುಗಳು ಕಾಯಿಯ ಕರೆ ಹಿಡಿದು ಕಪ್ಪಾಗಿದ್ದವು. ಕತ್ತಿಯ ಕಡೆ ನೋಡದೆಯೇ ಸುಲಿಯುತ್ತಿದ್ದರು, ಬಾಯಲ್ಲಿ ಬೇರೇನೋ ಮಾತು ನಡೆದಿತ್ತು. ನಾನು ಆ ಕೈಯ ಪಟ ತೆಗೆದೆ. ಚೆನ್ನಾಗಿ ಬಂತು ಅಂತ ಖುಷಿಪಟ್ಟು ಹಾಗೇ ಇಟ್ಟೆ.

ಎರಡು ವರ್ಷದ ಮೇಲೆ ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ. ಅವರು ಕೈಯನ್ನು ನೋಡಲೇ ಇಲ್ಲ. ಬೆರಳಿಟ್ಟದ್ದು ಪಟದ ಎಡಮೂಲೆಗೆ. ಅಲ್ಲಿ ಕತ್ತಲಲ್ಲಿ ಅರ್ಧ ಬಾಗಿಲು ಕಾಣುತ್ತಿತ್ತು. "ಟೀಚರ್ರೇ, ಇದು ನಮ್ಮ ಹಳೇ ಹಿತ್ತಲ ಬಾಗಿಲು ಅಲ್ವಾ? ಮನೆ ರಿಪೇರಿ ಮಾಡ್ಸುವಾಗ ಕಿತ್ತು ಹಾಕಿದ್ವಿ. ನಮ್ಮತ್ತೆ ದಿನಾ ಸಂಜೆ ಇದೇ ಹೊಸ್ತಿಲ ಮೇಲೆ ಕೂತು ಎಲೆಅಡಿಕೆ ಹಾಕ್ತಿದ್ರು" ಅಂದರು. ಆಮೇಲೆ ಒಳಗಿದ್ದವರನ್ನೆಲ್ಲ ಕರೆದು ಆ ಮೂಲೆಯನ್ನೇ ತೋರಿಸಿದರು.

ಅದು ಯಾವುದರ ಪಟ ಅಂತ ತೆಗೆದ ನನಗೇ ಗೊತ್ತಿರಲಿಲ್ಲ. ಅವತ್ತು ಮನೆಗೆ ಬಂದು ಅವರು ಹೇಳಿದ್ದನ್ನು ನನ್ನ ಪ್ರತಿಯ ಹಿಂದೆ ಬರೆದೆ. ಅಲ್ಲಿಂದ ಈಚೆಗೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪಟ ಮೊದಲು ಅದರಲ್ಲಿ ಇರುವವರಿಗೆ, ಆಮೇಲೆ ಉಳಿದವರಿಗೆ.

ಯಾವ ಕ್ಯಾಮೆರಾ ತಗೊಳ್ಳಲಿ?

ಕೈಯಲ್ಲಿರುವ ಫೋನಿನಿಂದ ಆರು ತಿಂಗಳು ತೆಗೆಯಿರಿ. ಫೋನಿನಲ್ಲಿ ಆಗದ್ದು ಏನು ಅಂತ ಆಗ ನಿಮಗೇ ಗೊತ್ತಾಗುತ್ತದೆ. ದೂರದ ಹಕ್ಕಿಯೋ, ರಾತ್ರಿಯ ಆಟವೋ, ಅದಕ್ಕೆ ತಕ್ಕಂತೆ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡಿ, ಶಟರ್ ಎಷ್ಟು ಸಲ ಓಡಿದೆ ಕೇಳಿ. ನನ್ನದು ಲೆನ್ಸ್ ಬದಲಿಸಬಹುದಾದ ಹಳೇ ಡಿಎಸ್‌ಎಲ್‌ಆರ್, ಜೊತೆಗೆ ಒಂದು 50 ಎಂಎಂ ಲೆನ್ಸ್. ಅರ್ಧಕ್ಕರ್ಧ ಪಟ ಈಗಲೂ ಫೋನಿನವೇ.

ಜೋಗದ ಪಟ ಎಲ್ಲರ ಹತ್ತಿರವೂ ಇದೆ. ನಾನು ತೆಗೆದು ಹಂಚಿದರೆ ಯಾರು ನೋಡುತ್ತಾರೆ?

ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಾಲಾಗಿ ನಿಂತ ಪಟ ನನ್ನ ಹತ್ತಿರವೂ ಇದೆ. ಅದನ್ನು ಒಮ್ಮೆ ತೆಗೆದರೆ ಎಲ್ಲರದ್ದರ ಹಾಗೇ ಇರುತ್ತದೆ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ತೆಗೆಯಿರಿ. ಜುಲೈನಲ್ಲಿ ನಾಲ್ಕು ಸಲ ಹೋದರೆ ಮೂರು ಸಲ ಬರೀ ಮಂಜು ಸಿಗುತ್ತದೆ, ಸದ್ದು ಮಾತ್ರ ಕೇಳುತ್ತದೆ. ಏಪ್ರಿಲ್‌ನಲ್ಲಿ ಬಂಡೆಯ ಮೇಲೆ ಎರಡು ಎಳೆ ನೀರು. 253 ಮೀಟರ್ ಎತ್ತರದ ಬಂಡೆ ಎಂಥದ್ದು ಅಂತ ಸರಿಯಾಗಿ ಕಾಣುವುದು ಆ ಬೇಸಿಗೆಯಲ್ಲೇ. 12 ಪಟ ಒಟ್ಟಿಗೆ ಇಟ್ಟರೆ ಅದು ನಿಮ್ಮದೇ ಜೋಗ.

ಊರು ಬಿಟ್ಟು ಹೋಗಲು ಆಗದವರು ಮನೆ ಮುಂದಿನ ಹಲಸಿನ ಮರಕ್ಕೂ ಹೀಗೆ ಮಾಡಬಹುದು.

ಒಂದು ದಿನಕ್ಕೆ ಇನ್ನೂರು ಪಟ ತೆಗೆದಿರುತ್ತೇನೆ. ಯಾವುದನ್ನು ಹಂಚಲಿ?

ಒಂದನ್ನು. ಅಬ್ಬಬ್ಬಾ ಅಂದರೆ ಮೂರನ್ನು.

ತೆಗೆದ ದಿನವೇ ಆರಿಸಬೇಡಿ. ಅವತ್ತು ಬಿಸಿಲಲ್ಲಿ ನಡೆದ ಸುಸ್ತು, ಕಾದ ಹೊತ್ತು ಎಲ್ಲ ತಲೆಯಲ್ಲಿ ಇರುತ್ತದೆ. ಕಷ್ಟಪಟ್ಟು ತೆಗೆದ ಪಟ ಚೆನ್ನಾಗಿದೆ ಅಂತ ಅನ್ನಿಸಿಬಿಡುತ್ತದೆ. ಒಂದು ವಾರ ಬಿಡಿ. ಆಮೇಲೆ ನೋಡಿದಾಗ ಎಲ್ಲಿ ಕಣ್ಣು ನಿಲ್ಲುತ್ತದೋ ಅದನ್ನು ತೆಗೆದುಕೊಳ್ಳಿ. ಒಂದೇ ದೃಶ್ಯದ ಎಂಟು ಪಟ ಒಟ್ಟಿಗೆ ಕಳಿಸಿದರೆ ನೋಡುವವರು ಒಂದನ್ನೂ ಸರಿಯಾಗಿ ನೋಡುವುದಿಲ್ಲ.

ಪಟದ ಕೆಳಗೆ ಏನು ಬರೆಯಬೇಕು? ನನಗೆ ಬರೆಯಲು ಬರುವುದಿಲ್ಲ.

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಬರೆಯಲು ಬರುವುದಿಲ್ಲ ಅನ್ನುವವರು ಆ ದಿನ ಏನಾಯಿತು ಅಂತ ಬಾಯಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಾರೆ! ಅದನ್ನೇ ಬರೆಯಿರಿ.

ನನ್ನದೇ ಉದಾಹರಣೆ ಕೊಡುತ್ತೇನೆ. ನಾಟಿ ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತ ಒಬ್ಬ ಅಜ್ಜನ ಪಟ. ಮೊದಲು ನಾನು ಬರೆದದ್ದು "ಮಲೆನಾಡ ಮಳೆಯ ಸೊಬಗು" ಅಂತ. ಈ ಮೂರು ಪದವನ್ನು ಸಾವಿರ ಪಟಗಳ ಕೆಳಗೆ ಹಾಕಬಹುದು. ಎರಡನೇ ಸಲ ಅವರ ಹತ್ತಿರ ಹೋಗಿ ಕೂತು ಮಾತಾಡಿ ಬಂದು ಹೀಗೆ ಬರೆದೆ:

"ಜುಲೈ ಎರಡನೇ ವಾರ. ನಾಟಿಗೆ ಬಂದ 11 ಜನರಲ್ಲಿ ಕಂಬಳಿಕೊಪ್ಪೆ ಇದ್ದದ್ದು ಇವರೊಬ್ಬರ ಹತ್ತಿರ. ಉಳಿದವರದ್ದೆಲ್ಲ ಪ್ಲಾಸ್ಟಿಕ್. ನೆಂದರೆ ಭಾರ ಆಗ್ತದೆ, ಆದ್ರೆ ಬೆನ್ನು ಬೆಚ್ಚಗಿರ್ತದೆ ಅಂದರು. ಪ್ಲಾಸ್ಟಿಕ್ ಮೇಲೆ ಮಳೆ ಬಿದ್ದರೆ ಪಟಪಟ ಸದ್ದಿಗೆ ಪಕ್ಕದವರ ಮಾತು ಕೇಳೋದಿಲ್ಲವಂತೆ. ಕಂಬಳಿಯಲ್ಲಿ ಕೇಳ್ತದಂತೆ."

ಆ ಕೊನೆಯ ಮಾತು ನನಗೆ ಹೊಳೆಯುವಂಥದ್ದೇ ಅಲ್ಲ. 40 ವರ್ಷ ಮಳೆಯಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಹಾಗಾಗಿ ನಾನು ಮಾಡುವುದು ಇಷ್ಟೇ. ತಿಂಗಳು, ಜಾಗ ಬರೆಯುತ್ತೇನೆ. ಪಟದಲ್ಲಿ ಕಾಣದ ಒಂದು ಸಂಗತಿ ಬರೆಯುತ್ತೇನೆ: ಸದ್ದು, ವಾಸನೆ, ಸ್ವಲ್ಪ ಮುಂಚೆ ನಡೆದದ್ದು. ಪಟದಲ್ಲಿ ಇರುವವರು ಆಡಿದ ಒಂದು ಮಾತನ್ನು ಅವರು ಹೇಳಿದ ಹಾಗೇ ಇಡುತ್ತೇನೆ. ನೋಡಿದರೆ ಗೊತ್ತಾಗುವುದನ್ನು ಮತ್ತೆ ಹೇಳುವುದಿಲ್ಲ. ಸೂರ್ಯ ಮುಳುಗುತ್ತಿದ್ದಾನೆ ಅಂತ ಪಟವೇ ಹೇಳುತ್ತಿದೆಯಲ್ಲ. "ಅದ್ಭುತ", "ರಮಣೀಯ" ಬಂದರೆ ಹೊಡೆದು ಹಾಕುತ್ತೇನೆ.

ಗುರುತಿಲ್ಲದವರ ಪಟ ತೆಗೆಯುವಾಗ ಕೇಳಬೇಕಾ? ಕೇಳಿದರೆ ಸಹಜವಾಗಿ ಬರುವುದಿಲ್ಲವಲ್ಲ.

ಕೇಳಿ. "ಒಂದು ಪಟ ತೆಗೀಲಾ?" ಅನ್ನಲು ಎಷ್ಟು ಹೊತ್ತು ಬೇಕು? ಕೇಳಿದ ತಕ್ಷಣ ನೆಟ್ಟಗೆ ನಿಲ್ಲುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ನಿಜ. ಆ ಪಟವನ್ನೂ ತೆಗೆಯಿರಿ, ಅದು ಅವರಿಗೆ ಬೇಕಾದ ಪಟ. ಆಮೇಲೆ ಕ್ಯಾಮೆರಾ ಕೆಳಗಿಟ್ಟು ಕೂತುಕೊಳ್ಳಿ. ಹತ್ತು ನಿಮಿಷ ಆದ ಮೇಲೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ನಿಮಗೆ ಬೇಕಾದ ಪಟ ಆಗ ಸಿಗುತ್ತದೆ.

ಬೇಡ ಅಂದರೆ ಬೇಡ. ದೂರ ಹೋಗಿ ಜೂಮ್ ಹಾಕಿ ತೆಗೆಯೋದು ಕದ್ದ ಹಾಗೆ. ಇನ್ನೊಂದು ಮಾತು: ತೆಗೆಯಲು ಒಪ್ಪಿದವರು ಎಲ್ಲರಿಗೂ ತೋರಿಸಲು ಒಪ್ಪಿದ ಹಾಗಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

ಮಕ್ಕಳ ಪಟ?

ಟೀಚರ್ ಆಗಿ ನಾನು ಇದರಲ್ಲಿ ಬಹಳ ಗಟ್ಟಿ. ಅಪ್ಪ ಅಮ್ಮನನ್ನು ಕೇಳದೆ ಬೇಡ. ಯೂನಿಫಾರ್ಮ್, ಶಾಲೆಯ ಬೋರ್ಡು, ಬ್ಯಾಗಿನ ಮೇಲಿನ ಹೆಸರು ಕಂಡರೆ ಆ ಮಗು ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನನ್ನ ಶಾಲೆಯ ಮಕ್ಕಳ ಪಟಗಳನ್ನು ಅವರ ಮನೆಗಷ್ಟೇ ಕೊಡುತ್ತೇನೆ. ಒಂದನ್ನೂ ಹೊರಗೆ ಹಂಚಿಲ್ಲ.

ಒಬ್ಬರೇ ಹೆಂಗಸು ಕ್ಯಾಮೆರಾ ಹಿಡಿದು ತಿರುಗೋದು ಕಷ್ಟ ಅಲ್ವಾ?

ಬೆಳಗಿನ ಜಾವ ಕಾಡಿನ ಕಡೆ ಒಬ್ಬಳೇ ಹೋಗುವುದಿಲ್ಲ. ಜೊತೆಗೆ ಯಾರಾದರೂ ಇರುತ್ತಾರೆ, ಮನೆಯಲ್ಲಿ ಹೇಳಿ ಹೋಗುತ್ತೇನೆ. ಆದರೆ ಹೆಂಗಸಾದ್ದರಿಂದ ನನಗೆ ತೆರೆದ ಬಾಗಿಲುಗಳೇ ಜಾಸ್ತಿ. ಅಡುಗೆಮನೆಗೆ ಕರೆಯುತ್ತಾರೆ. ಬಾಣಂತಿ ಕೋಣೆಗೆ ಕರೆಯುತ್ತಾರೆ. ಭೂಮಿ ಹುಣ್ಣಿಮೆಯ (ಬೆಳೆದು ನಿಂತ ಪೈರಿಗೆ ಪೂಜೆ ಮಾಡುವ ಹಬ್ಬ) ಹಿಂದಿನ ರಾತ್ರಿ ಅಡುಗೆ ಮಾಡುವಲ್ಲಿ ಬೆಳಗಿನವರೆಗೂ ಕೂತಿದ್ದೇನೆ. ಅಲ್ಲಿನ ಪಟಗಳು ನನಗೆ ತುಂಬಾ ಬೇಕಾದವು. ಹೊಗೆ, ಒಲೆಯ ಬೆಳಕು, ಸೊಪ್ಪು ಹೆಚ್ಚುವ ಕೈಗಳು.

ಬುಟ್ಟಿಯ ಮೇಲಿನ ಚಿತ್ತಾರ, ಗೋಡೆಯ ಹಸೆ ಇಂಥವುಗಳ ಪಟ ತೆಗೆದರೆ ಅದು ಯಾರದ್ದು?

ಪಟ ನಿಮ್ಮದು, ಚಿತ್ತಾರ ಅವರದ್ದು. ನಮ್ಮ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಒಂದು ಬುಟ್ಟಿಗೆ ಎಷ್ಟೋ ದಿನ ಹಿಡಿಯುತ್ತದೆ. ಕ್ಯಾಮೆರಾ ಒತ್ತಲು ಒಂದು ಕ್ಷಣ. "ಮಲೆನಾಡಿನ ಜನಪದ ಕಲೆ" ಅಂತಷ್ಟೇ ಬರೆದು ಕೆಳಗೆ ನಮ್ಮ ಹೆಸರು ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬರೆದವರನ್ನು ಕೇಳಿ, ಅವರು ಒಪ್ಪಿದರೆ ಅವರ ಹೆಸರನ್ನು ನಮ್ಮ ಹೆಸರಿಗಿಂತ ಮೇಲೆ ಹಾಕಬೇಕು.

ಹಕ್ಕಿಯ ಪಟ ಹಂಚುತ್ತೀರಿ, ಜಾಗ ಮಾತ್ರ ಹೇಳುವುದಿಲ್ಲ. ಯಾಕೆ?

ಬೇಜಾರು ಮಾಡಿಕೊಳ್ಳಬೇಡಿ. ಗೂಡಿನ ಜಾಗವನ್ನು ನಾನು ಯಾರಿಗೂ ಹೇಳುವುದಿಲ್ಲ. ಗೂಡಿನ ಪಟ ತೆಗೆಯುವುದನ್ನೂ ಬಿಟ್ಟಿದ್ದೇನೆ. ಕಾರಣ ಇದೆ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಸಂಸಾರ ನಿಮಗೆ ಗೊತ್ತಿರಬಹುದು. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ ಉಳಿದಿರುತ್ತದೆ. ಮೊಟ್ಟೆ ಇಟ್ಟು ಮರಿ ಮಾಡುವಾಗ ಅದಕ್ಕೂ ಮರಿಗಳಿಗೂ ಊಟ ಗಂಡಿನಿಂದಲೇ ಬರಬೇಕು. ಆ ಸೀಳಿನೊಳಗಿಂದ ಹಣ್ಣು ಕೊಡುತ್ತದೆ.

ಏಳು ವರ್ಷದ ಹಿಂದೆ, ಮಾರ್ಚ್ ತಿಂಗಳು. ಒಂದು ಗೂಡಿನ ಸುದ್ದಿ ನನ್ನ ಕಿವಿಗೂ ಬಿತ್ತು. ಹೋದೆ. ನನಗಿಂತ ಮುಂಚೆ ಐದು ಜನ ಬಂದು ಟ್ರೈಪಾಡ್ ಇಟ್ಟು ನಿಂತಿದ್ದರು. ನಾನು ಆರನೆಯವಳು. ಗಂಡು ಬಂತು. ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣು. ಮರದ ಹತ್ತಿರ ಬರಲಿಲ್ಲ. ಆಚೆ ಕೊಂಬೆಯಲ್ಲಿ ಕೂತು ನಮ್ಮನ್ನು ನೋಡಿತು. ಕೊಂಬೆ ಬದಲಾಯಿಸಿತು. ಮತ್ತೆ ನೋಡಿತು. ನಾವು ಆರೂ ಜನ ಅದು ಬರಲಿ ಅಂತ ಕಾಯುತ್ತಿದ್ದೆವು, ಅದು ನಾವು ಹೋಗಲಿ ಅಂತ ಕಾಯುತ್ತಿತ್ತು. 40 ನಿಮಿಷ. ಕೊನೆಗೆ ಹಣ್ಣನ್ನು ಇಟ್ಟುಕೊಂಡೇ ಹಾರಿಹೋಯಿತು. ಪೊಟರೆಯ ಸೀಳಿನಲ್ಲಿ ಒಂದು ಕೊಕ್ಕಿನ ತುದಿ ಹೊರಗೆ ಬಂದು ಒಳಗೆ ಹೋಯಿತು.

ನಾನು ಅವತ್ತು ತೆಗೆದ ಪಟಗಳನ್ನು ಅಳಿಸಿದೆ. ಮೊದಲು ಜಾಗ ಹೇಳಿದವರು ಕೆಟ್ಟವರಲ್ಲ. ಒಬ್ಬರಿಗೆ ಹೇಳಿದರು, ಅವರು ಇಬ್ಬರಿಗೆ ಹೇಳಿದರು, ಅಷ್ಟೇ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಪದದ ಅರ್ಥದೊಳಗೆ ಕಾಡು ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡು ಕಾಣಲಿ ಅಂತ ಮುಂದಿನ ಎಲೆ ಕೀಳುವುದು, ಹಾವನ್ನು ಕಡ್ಡಿಯಿಂದ ಎತ್ತಿ ಒಳ್ಳೇ ಕೊಂಬೆಗೆ ಇಡುವುದು, ಕಪ್ಪೆಯ ಮೇಲೆ ನೀರು ಚಿಮುಕಿಸುವುದು, ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವುದು ಇವನ್ನೆಲ್ಲ ದಯವಿಟ್ಟು ಬಿಡಿ.

ಹಕ್ಕಿಯನ್ನು ಹತ್ತಿರದಿಂದ ನೋಡಬೇಕು ಅನ್ನುವವರಿಗೆ ಜಾಗಗಳಿಗೇನು ಕೊರತೆ? ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ತುಂಗಾ ನದಿಯ ನಡುವೆ ಮಂಡಗದ್ದೆ ಪಕ್ಷಿಧಾಮ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ರಂಗನತಿಟ್ಟಿನಲ್ಲಿ ದೋಣಿಯಿಂದಲೇ ನೋಡಬಹುದು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತು ಕೇಳಿ ಮೈಸೂರು ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ಅಲ್ಲಿನ ಹಕ್ಕಿಗಳು ದೋಣಿಗೆ ಒಗ್ಗಿಕೊಂಡಿವೆ.

ಯಕ್ಷಗಾನದ ಪಟ ಅಲುಗಾಡಿದ ಹಾಗೆ ಬರುತ್ತದೆ. ಫ್ಲಾಶ್ ಹಾಕಲಾ?

ಬೇಡ. ವೇಷಧಾರಿಯ ಕಣ್ಣಿಗೆ ಹೊಡೆಯುತ್ತದೆ, ಹಿಂದೆ ಕೂತವರಿಗೂ ಕಿರಿಕಿರಿ. ಲೆನ್ಸಿನ ಬಾಯಿ ಪೂರ್ತಿ ತೆರೆಯಿರಿ. ಐಎಸ್‌ಒ 3200 ಇಡಿ, ಕಡಿಮೆ ಬೆಳಕಿನಲ್ಲೂ ಪಟ ಬರುತ್ತದೆ. ಶಟರ್ 1/250 ಸೆಕೆಂಡ್ ಸಿಕ್ಕಿದರೆ ಮಾತಿನ ಭಾಗಕ್ಕೆ ಧಾರಾಳ. ಧೀಂಗಿಣಕ್ಕೆ (ಗಿರಗಿರ ಸುತ್ತುವ ಕುಣಿತ) ಅದೂ ಸಾಲದು, ಆದರೆ ಅಲ್ಲಿ ಸ್ವಲ್ಪ ಅಲುಗಾಡಿದರೇ ಚೆಂದ. ಕಾಳು ಕಾಳಾಗಿ ಬಂದರೆ ಹೆದರಬೇಡಿ, ಪ್ರಿಂಟಿನಲ್ಲಿ ಅಷ್ಟು ಕಾಣುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವಾಗ ತೆಗೆಯಬೇಕು ಅಂತಿದ್ದರೆ ಮೇಳದವರನ್ನು ಕೇಳಿ ಒಳಗೆ ಹೋಗಿ, ಒಂದು ಮೂಲೆಯಲ್ಲಿ ಸುಮ್ನೆ ಕೂತಿರಿ.

ದೇವಸ್ಥಾನಗಳಲ್ಲಿ, ಹಂಪಿಯಂಥ ಕಡೆ ತೆಗೆಯಬಹುದಾ?

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ನಿಮಗಾಗಿ ತೆಗೆಯಲು ಸಾಮಾನ್ಯವಾಗಿ ತಕರಾರಿಲ್ಲ. ಟ್ರೈಪಾಡ್‌ಗೆ ಅನುಮತಿ ಬೇಕು. ಪೂಜೆ ನಡೆಯುವ ಕಡೆ ಗರ್ಭಗುಡಿಯ ಪಟ ಬೇಡ, ಅರ್ಚಕರನ್ನು ಕೇಳಿ. ಇಕ್ಕೇರಿಗೆ ಬರುವವರಿಗೆ ನನ್ನ ಮಾತು: ಬೆಳಿಗ್ಗೆ ಎಂಟರೊಳಗೆ ಬನ್ನಿ, ಓರೆ ಬಿಸಿಲಿಗೆ ಗೋಡೆಯ ಕೆತ್ತನೆ ಎದ್ದು ಕಾಣುತ್ತದೆ.

ಬಣ್ಣ ತಿದ್ದುವುದು ಮೋಸ ಅಲ್ವಾ?

ನಾನೂ ತಿದ್ದುತ್ತೇನೆ. ಕತ್ತಲಾಗಿ ಬಂದದ್ದನ್ನು ಬೆಳಗಿಸುತ್ತೇನೆ, ಓರೆಯಾದದ್ದನ್ನು ನೆಟ್ಟಗೆ ಮಾಡುತ್ತೇನೆ, ಅಂಚು ಕತ್ತರಿಸುತ್ತೇನೆ. ಕರೆಂಟ್ ತಂತಿ ಅಳಿಸುವುದಿಲ್ಲ. ಆ ತಂತಿ ಅಲ್ಲಿತ್ತು. ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರು) ಬೇಯಿಸಿ ಅಟ್ಟದ ಮೇಲೆ ಹರವಿದ ಅಡಿಕೆಯ ಕೆಂಪನ್ನು ಕುಂಕುಮದ ಕೆಂಪು ಮಾಡುವುದಿಲ್ಲ, ಬೆಳೆಗಾರರು ನೋಡಿದ ಕೂಡಲೇ ಹಿಡಿಯುತ್ತಾರೆ. ಎರಡು ಪಟ ಸೇರಿಸಿದರೆ, ಎಐ ಬಳಸಿ ಏನಾದರೂ ಸೇರಿಸಿದರೆ ಕೆಳಗೆ ಹಾಗಂತ ಬರೆದುಬಿಡಿ.

ಮಳೆಗಾಲದಲ್ಲಿ ಲೆನ್ಸ್ ಹಾಳಾಗದ ಹಾಗೆ ಏನು ಮಾಡುತ್ತೀರಿ?

ಒಂದು ಲೆನ್ಸ್ ಕಳೆದುಕೊಂಡು ಕಲಿತಿದ್ದೇನೆ. ಜೂನ್‌ನಲ್ಲಿ ಲೆದರ್ ಚೀಲದೊಳಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರಬಲೆಯಂಥ ಬಿಳಿ ಎಳೆಗಳು. ಅಂಚಿನಿಂದ ಹೊರಟು ನಡುವಿನ ತನಕ ಕವಲೊಡೆದಿದ್ದವು. ಉಜ್ಜಿದರೆ ಹೋಗುವುದಿಲ್ಲ, ಅದು ಒಳಗೆ. ಪೂರ್ತಿ ಬಿಚ್ಚಿ ತೊಳೆಸಬೇಕು. ತೊಳೆದ ಮೇಲೂ ಗಾಜಿನ ಮೇಲಿನ ಲೇಪಕ್ಕೆ ಕಲೆ ಉಳಿಯಿತು.

ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ತೇವ ಕುಡಿದು ಗುಲಾಬಿ ಆಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬೇಡ, ಬೇರೆ ಇಟ್ಟುಕೊಳ್ಳಿ. ಒಳಗೊಂದು ತೇವಾಂಶ ಅಳೆಯುವ ಪುಟ್ಟ ಮೀಟರ್ ಇಟ್ಟಿದ್ದೇನೆ, 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಅಕ್ಕಿಯಲ್ಲಿ ಹೂತಿಡಬೇಡಿ, ಹಿಟ್ಟಿನ ಧೂಳು ಸಂದಿಗೆಲ್ಲ ಸೇರುತ್ತದೆ. ಮಳೆ ಬಿಟ್ಟ ದಿನ ತೆಗೆದು ಬೆಳಕು ಕಾಣಿಸಿ. ಬಳಸುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

ವಾಟ್ಸಾಪ್‌ನಲ್ಲಿ ಕಳಿಸಿದರೆ ಪಟ ಮಸುಕಾಗುತ್ತದೆ, ಏನು ಮಾಡಲಿ?

ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಒಂದು ಎಚ್ಚರಿಕೆ ಬೇಕು. ಹಾಗೆ ಕಳಿಸಿದಾಗ ಪಟದೊಳಗಿನ ವಿವರಗಳೂ ಜೊತೆಗೆ ಹೋಗುತ್ತವೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದರೆ ಎಲ್ಲಿ ನಿಂತು ತೆಗೆದಿರಿ ಅನ್ನುವುದೂ ಅದರಲ್ಲಿ ಇರುತ್ತದೆ. ಗೂಡಿನ ಪಟ, ಮನೆಯ ಪಟ ಆದರೆ ಯೋಚನೆ ಮಾಡಿ. ನನ್ನ ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಯಾವಾಗಲೂ ಆಫ್.

ಪ್ರಿಂಟ್ ಹಾಕಿಸಿದರೆ ಅಜ್ಜಿಯ ತಲೆ ಕತ್ತರಿಸಿ ಬಂತು. ಯಾಕೆ?

ಫೋನಿನ ಪಟ ಸಾಮಾನ್ಯವಾಗಿ 4:3 ಅಳತೆಯದ್ದು. ಸ್ಟುಡಿಯೋದ 6x4 ಕಾಗದ 3:2. ಆ ಕಾಗದದ ಅಗಲಕ್ಕೆ ಹೊಂದಿಸಿದರೆ ಪಟದ ಎತ್ತರ ನಾಲ್ಕೂವರೆ ಇಂಚು ಆಗುತ್ತದೆ, ಅರ್ಧ ಇಂಚು ಕತ್ತರಿಸಿ ಹೋಗುತ್ತದೆ. ತಲೆಯ ಮೇಲೆ ಜಾಗ ಬಿಡದೆ ತೆಗೆದಿದ್ದರೆ ತಲೆಯೇ ಹೋಗುತ್ತದೆ. ಫೋನಿನ ಪಟಕ್ಕೆ 6x8 ಕೇಳಿ, ಸರಿಯಾಗಿ ಕೂರುತ್ತದೆ. ಇಲ್ಲದಿದ್ದರೆ "ಬಿಳಿ ಅಂಚು ಬಿಟ್ಟು ಪೂರ್ತಿ ಪಟ ಬರಲಿ" ಅಂತ ಮೊದಲೇ ಹೇಳಿ.

12 ಮೆಗಾಪಿಕ್ಸೆಲ್ ಪಟ 13x10 ಇಂಚಿನ ತನಕ ಚೆನ್ನಾಗಿಯೇ ಬರುತ್ತದೆ. ಫೋನಿನ ಪರದೆಯಲ್ಲಿ ಕಂಡಷ್ಟು ಬೆಳಕು ಕಾಗದದಲ್ಲಿ ಇರುವುದಿಲ್ಲ, ಸ್ವಲ್ಪ ಜಾಸ್ತಿ ಬೆಳಗಿಸಿ ಕೊಡಿ. ನಾನು ಮ್ಯಾಟ್ ಹಾಕಿಸುತ್ತೇನೆ, ಬೆರಳಚ್ಚು ಕಾಣುವುದಿಲ್ಲ. ಹಳ್ಳಿಯಲ್ಲಿ ಪಟವನ್ನು ಹತ್ತು ಕೈ ಮುಟ್ಟುತ್ತದೆ. ಮುಟ್ಟಲಿ ಅಂತಲೇ ಅಲ್ವಾ ಕೊಡೋದು?

ನನ್ನ ಪಟವನ್ನು ಕೇಳದೆ ಬಳಸಿಕೊಂಡಿದ್ದಾರೆ. ಏನು ಮಾಡಬಹುದು?

ನನಗೂ ಆಗಿದೆ. ನಾನು ತೆಗೆದ ತೇರಿನ ಪಟ ಒಂದು ಫ್ಲೆಕ್ಸ್‌ನಲ್ಲಿ ಬಂತು, ಹೆಸರಿಲ್ಲ. ಬೇಸರ ಆಯಿತು. ಹೋಗಿ ಮಾತಾಡಿದೆ, ಮುಂದಿನ ವರ್ಷ ಕೇಳಿ ಬಳಸಿದರು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ತೆಗೆದ ಪಟದ ಹಕ್ಕು ನಿಮ್ಮದೇ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನೀವು ಬದುಕಿರುವ ತನಕ, ಆಮೇಲೆ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ದುಡ್ಡು ಕೊಟ್ಟು ಯಾರೋ ನಿಮ್ಮಿಂದ ತೆಗೆಸಿಕೊಂಡ ಪಟವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರದ್ದು. ಮೂಲ ಫೈಲನ್ನು ಅಳಿಸಬೇಡಿ, ಅದೇ ನಿಮ್ಮ ಸಾಕ್ಷಿ. ಪಟದ ನಡುವೆ ದೊಡ್ಡದಾಗಿ ಹೆಸರು ಹಾಕುವುದನ್ನು ನಾನು ಬಿಟ್ಟಿದ್ದೇನೆ, ನೋಡಲು ಅಡ್ಡ ಬರುತ್ತದೆ.

ಹಂಚಿಕೊಂಡರೆ ಯಾರೂ ಏನೂ ಹೇಳುವುದಿಲ್ಲ. ಬೇಜಾರಾಗುತ್ತದೆ.

ಆಗುತ್ತದೆ. ಪಟವನ್ನು ಒಂದೇ ಸಲ ನೂರು ಜನರಿಗೆ ಕಳಿಸುವ ಬದಲು ಒಬ್ಬರ ಎದುರಿಗೆ ಕೂತು ತೋರಿಸಿ ನೋಡಿ. ಅವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ಇದು ಎಲ್ಲಿ ಗೊತ್ತಾ?" ಅಂತ ಕೇಳಿ. ಮಾತು ತಾನಾಗಿ ಶುರುವಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಹವ್ಯಾಸಿಗಳು ತೆಗೆದ ಪಟದಿಂದ ಊರಿಗೆ ಏನು ಉಪಯೋಗ?

ಎರಡು ಪಟಗಳ ಕಥೆ ಹೇಳುತ್ತೇನೆ.

1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯಲ್ಲಿ ಪಟ ತೆಗೆದರು. ಪಟ ತೆಗೆಯುವುದು ಅವರ ಉದ್ಯೋಗ ಆಗಿರಲಿಲ್ಲ. ಆಗ ಫಿಲ್ಮ್ ಇರಲಿಲ್ಲ, ದೊಡ್ಡ ಕಾಗದದ ನೆಗೆಟಿವ್. ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ, ಮೇಲೆ ಬೋಳು. ಗ್ರೀನ್‌ಲಾ ಅವರ ಪಟದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಹೋಗಿದೆ, ಏನು ಉಳಿದಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ನನ್ನದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ಊರುಗಳಿಗೆ ಹೊಳೆಬಾಗಿಲಿನ ಲಾಂಚೇ (ಬಸ್ಸು, ಜೀಪುಗಳನ್ನೂ ದಾಟಿಸುವ ದೊಡ್ಡ ದೋಣಿ) ದಾರಿಯಾಗಿತ್ತು. 2018ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಅಲ್ಲಿ ನೀರಿನ ಮೇಲಿನ ಬೆಳಕಿಗೆ ಕಾದು ನಿಂತಿದ್ದೆ. ಅಷ್ಟರಲ್ಲಿ ಲಾಂಚ್ ಬಂದು ಅಡ್ಡ ನಿಂತಿತು. ಮೇಲೆ ಒಂದು ಬಸ್ಸು, ಎರಡು ಜೀಪು, ಏಳೆಂಟು ಬೈಕು. ಬಸ್ಸಿನಿಂದ ಇಳಿದವರು ಕಂಬಿ ಹಿಡಿದು ನಿಂತಿದ್ದರು. ಒಬ್ಬರ ಕೈಯಲ್ಲಿ ಟಿಫಿನ್ ಬಾಕ್ಸ್. ಕಿಟಕಿಗೆ ತಲೆ ಆನಿಸಿ ಒಬ್ಬ ಹುಡುಗ ನಿದ್ದೆ ಹೋಗಿದ್ದ. ನನ್ನ ಬೆಳಕು ಹಾಳಾಯಿತು ಅಂತ ಬೇಜಾರಿನಲ್ಲೇ ಒತ್ತಿದೆ. ಅಳಿಸುವುದರಲ್ಲಿದ್ದೆ, ಮರೆತೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು, ಅದೇ ಹಿನ್ನೀರಿನ ಮೇಲೆ. ಸುಮಾರು 2.4 ಕಿಲೋಮೀಟರ್ ಉದ್ದ. ಆ ಸೇತುವೆ ಬೇಕೇ ಬೇಕಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಆಚೆ ದಡದವರ ಪಾಡು ನಮಗೆಲ್ಲ ಗೊತ್ತಿದೆ. ಅದಾಗಿ ಒಂದು ತಿಂಗಳಿಗೆ ಆಚೆ ದಡದ ತುಮರಿ ಕಡೆಯ ಒಬ್ಬ ಹುಡುಗ ಆ ಪಟ ಕೇಳಿಕೊಂಡು ಬಂದ. ಪಟದಲ್ಲಿ ಅವನಿಲ್ಲ, ಅವನ ಮನೆಯವರೂ ಇಲ್ಲ. ಅವನು ತುಂಬಾ ಹೊತ್ತು ನೋಡಿದ್ದು ಆ ಕಂಬಿಯನ್ನು. "ಕೊನೇ ಲಾಂಚ್ ತಪ್ಪಿ ನಾನು ಎಷ್ಟು ರಾತ್ರಿ ಈ ದಡದಲ್ಲೇ ಮಲಗಿದೀನಿ ಗೊತ್ತಾ ಟೀಚರ್? ಬೆಳಿಗ್ಗೆ ಮೊದಲ ಲಾಂಚಲ್ಲಿ ಇದೇ ಕಂಬಿ ಹಿಡ್ಕೊಂಡು ನಿಂತ್ರೆ ಕೈ ಕೊರೀತಿತ್ತು" ಅಂದ. ಅದನ್ನೂ ಬರೆದುಕೊಂಡೆ. ಪಟದ ಕೆಳಗೆ ಈಗ ಇರುವುದು ಅವನ ಮಾತು, ನನ್ನದಲ್ಲ.

ಪಟಗಳನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ?

ಮೂರು ಕಡೆ. ಮನೆಯ ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್, ಶಿವಮೊಗ್ಗದ ತಂಗಿ ಮನೆಯಲ್ಲಿ ಇನ್ನೊಂದು ಹಾರ್ಡ್ ಡಿಸ್ಕ್. ಮಲೆನಾಡಿನ ಗುಡುಗು ಸಿಡಿಲಿಗೆ ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿದಿರುತ್ತದೆ. ಫೋಲ್ಡರಿಗೆ ವರ್ಷ, ತಿಂಗಳು, ಊರು ಇಷ್ಟೇ ಹೆಸರು.

ನಮ್ಮ ಮನೆಯ ಹಳೇ ಪಟಗಳಿವೆ, ಮಾಸುತ್ತಿವೆ. ಅವನ್ನು ಹಂಚಬೇಕು ಅಂತಿದೆ. ಹೇಗೆ ಶುರು ಮಾಡಲಿ?

ಇವತ್ತೇ ಶುರು ಮಾಡಿ. ಅಂಟು ಹಾಳೆಯ ಆಲ್ಬಮ್‌ಗಳಲ್ಲಿ ಇದ್ದರೆ ಮೊದಲು ಹಾಗೇ ಇಟ್ಟು ಪಟ ತೆಗೆದುಕೊಳ್ಳಿ, ಕಿತ್ತರೆ ಹರಿಯಬಹುದು. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಚಪ್ಪಟೆಯಾಗಿ ಇಡಿ. ಫ್ಲಾಶ್ ಬೇಡ. ಫೋನನ್ನು ಪಟಕ್ಕೆ ಸರಿಸಮವಾಗಿ ಹಿಡಿಯಿರಿ. ಬಿಡಿ ಪಟಗಳಾದರೆ ಹಿಂಭಾಗದ್ದೂ ತೆಗೆಯಿರಿ, ಸ್ಟುಡಿಯೋದ ಮುದ್ರೆ, ಯಾರದ್ದೋ ಅಕ್ಷರ ಅಲ್ಲಿರುತ್ತದೆ.

ಆಮೇಲೆ ಮನೆಯ ಹಿರಿಯರ ಪಕ್ಕ ಕೂತು ಒಂದೊಂದಾಗಿ ತೋರಿಸಿ. ಒಂದು ಸಂಜೆಗೆ ನಾಲ್ಕೈದು ಪಟ ಸಾಕು, ಜಾಸ್ತಿ ಆದರೆ ಅವರಿಗೆ ದಣಿವಾಗುತ್ತದೆ. ಅವರು ಹೇಳಿದ ಹೆಸರು, ಊರು, ಯಾರ ಮದುವೆ ಅನ್ನುವುದನ್ನು ಅಲ್ಲೇ ಬರೆದುಕೊಳ್ಳಿ. ಪಟದ ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಪಟದ ಮುಂಭಾಗದಲ್ಲಿ, ಮುಖದ ಮೇಲೆ ಎದ್ದು ಕಾಣುತ್ತದೆ.